ಇಂಡಸ್ಟ್ರಿಯಲ್ ಕಿವಿಚುಚ್ಚು

ಕಿವಿಯ ಮೇಲ್ಭಾಗದ ಮೆದು ಎಲುಬಿನಲ್ಲಿ ಎರಡು ತೂತು ಹಾಕಿ, ಎರಡಕ್ಕೂ ಸೇರಿಸಿ ಒಂದೇ ನೆಟ್ಟಗಿನ ಲೋಹದ ಕಡ್ಡಿ ತೂರಿಸುವ ಕ್ರಮಕ್ಕೆ ಇಂಡಸ್ಟ್ರಿಯಲ್ ಕಿವಿಚುಚ್ಚು ಎನ್ನುತ್ತಾರೆ. ಕಡ್ಡಿಯ ಎರಡು ತುದಿಗೂ ಪುಟ್ಟ ಗುಂಡುಗಳಿರುತ್ತವೆ. ಅವನ್ನು ತಿರುಪಿ ಬಿಚ್ಚಬಹುದು. ಹೆಸರು ಕೇಳಿ ಕಾರ್ಖಾನೆಯನ್ನು ನೆನೆಯಬೇಕಿಲ್ಲ. ಬ್ರಿಟನ್ನಿನವರು ಇದನ್ನೇ ಸ್ಕ್ಯಾಫೋಲ್ಡ್, ಅಂದರೆ ಮನೆ ಕಟ್ಟುವಾಗ ನಿಲ್ಲಿಸುವ ಸಾರುವೆ, ಎಂದು ಕರೆಯುತ್ತಾರೆ. ಎರಡು ಆಸರೆಯ ಮೇಲೆ ಒಂದು ಗಳ ಎಂಬ ಅರ್ಥದಲ್ಲಿ ಈ ಹೆಸರೇ ಹೆಚ್ಚು ಒಪ್ಪುತ್ತದೆ.

ಇದು ಜನಕ್ಕೆ ಪರಿಚಯವಾದದ್ದು 1990ರ ದಶಕದ ಮೊದಲಲ್ಲಿ, ಅಮೆರಿಕದ ಎರಿಕ್ ಡಕೋಟ ಎಂಬ ಚುಚ್ಚುಗಾರನಿಂದ. ಈ ಬಗೆಯ ಹೊಸ ಚುಚ್ಚುಗಳಿಗೆ ಪ್ರಚಾರ ಕೊಟ್ಟ ‘ಬಾಡಿ ಪ್ಲೇ’ ಪತ್ರಿಕೆಯನ್ನು ನಡೆಸುತ್ತಿದ್ದವನ ಹೆಸರು ಫಕೀರ್ ಮುಸಾಫರ್. ಹೆಸರು ಕೇಳಿದರೆ ಯಾದಗಿರಿ ಸೀಮೆಯ ಗೋಗಿ ಊರಿನ ದರ್ಗಾಕ್ಕೆ ಬಂದುಹೋದ ಯಾರೋ ಸೂಫಿ ಅನ್ನಿಸಬಹುದು. ಆತ ದಕ್ಷಿಣ ಡಕೋಟ ರಾಜ್ಯದಲ್ಲಿ 1930ರಲ್ಲಿ ಹುಟ್ಟಿದ ಅಮೆರಿಕನ್, ಹೆಸರು ತಾನೇ ಇಟ್ಟುಕೊಂಡದ್ದು.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯನ್ನು ಹೊರಗಿನವರು ಬಲ್ಲದ್ದು ಎರಡು ಕಾರಣಕ್ಕೆ. ಒಂದು, ಚಂದಾ ಹುಸೇನಿ ದರ್ಗಾದ ನೆರಳಲ್ಲಿ ಬಿಜಾಪುರದ ಮೊದಲ ನಾಲ್ವರು ಆದಿಲ್‌ಶಾಹಿ ಸುಲ್ತಾನರು ಮಣ್ಣಾಗಿದ್ದಾರೆ. ಇನ್ನೊಂದು, ಭೀಮಾ ಕಣಿವೆಯ ಸುಣ್ಣಕಲ್ಲಿನಡಿ ಸಿಕ್ಕ ಯುರೇನಿಯಂ ಅದಿರು. ಕಿವಿಚುಚ್ಚಿಗಾಗಿ ಈ ಊರಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಮೇಲ್ಕಿವಿಗೆ ಒಡವೆ ಇಡುವ ರೂಢಿ ಈ ಸೀಮೆಗೆ ಎರಿಕ್ ಡಕೋಟನಿಂದ ಬಂದದ್ದಲ್ಲ. ಮೊಬೈಲಿನಲ್ಲಿ ಚಿತ್ರ ನೋಡಿ ಇಂಡಸ್ಟ್ರಿಯಲ್ ಬೇಕೆನ್ನುವ ಹುಡುಗಿಗೆ, ಬುಗುಡಿ ಹಾಕಿದ್ದ ಆಯಿಯ ಕಿವಿಯೇ ಮೊದಲ ಪಾಠ.

ಮೇಲ್ಕಿವಿಯ ಹಳೆಯ ಒಡವೆಗಳು

ಕನ್ನಡದಲ್ಲಿ ಓಲೆ ಎಂದರೆ ತಾಳೆಯ ಗರಿಯೂ ಹೌದು, ಕಿವಿಯ ಒಡವೆಯೂ ಹೌದು. ಹಿಗ್ಗಿಸಿದ ಹಾಲೆಯ ತೂತಿಗೆ ಗರಿಯನ್ನು ಸುರುಳಿ ಸುತ್ತಿ ಇಡುತ್ತಿದ್ದ ಕಾಲದ ನೆನಪು ಆ ಮಾತಿನಲ್ಲೇ ಉಳಿದಿದೆ. ಬೆಂಡೋಲೆ, ಜುಮಕಿ, ಲೋಲಾಕು ಇವೆಲ್ಲ ಹಾಲೆಯವು. ಬುಗುಡಿ, ಬಾವಲಿ ಮೇಲ್ಕಿವಿಯವು. ಮುತ್ತಿನ ಅಥವಾ ಬಂಗಾರದ ಗುಂಡಿನ ಸಣ್ಣ ಗೊಂಚಲಾದ ಬುಗುಡಿ ಕಿವಿಯ ನೆತ್ತಿಯಂಚಿಗೆ ಕೂರುತ್ತದೆ. ಮರಾಠಿ ಸೀಮೆಯಲ್ಲೂ ಅದೇ ಒಡವೆ, ಹೆಚ್ಚುಕಡಿಮೆ ಅದೇ ಹೆಸರು. 1959ರ ‘ಸಾಂಗತ್ಯೆ ಐಕಾ’ ಚಿತ್ರದ ಹೆಸರಾಂತ ಲಾವಣಿಯ ವಸ್ತುವೇ ಕಿವಿಯಿಂದ ಜಾರಿಬಿದ್ದ ಬುಗುಡಿ. ಗಂಡಸರೂ ಹಿಂದೆ ಬಿದ್ದವರಲ್ಲ. ಒಂಟಿ, ಮುರು ಹಾಲೆಗಾದರೆ, ಪೇಶ್ವೆ ಕಾಲದಿಂದ ಬಂದ ಭಿಕಬಾಳಿ ಬಲಗಿವಿಯ ಮೇಲಂಚಿಗೆ. ದಖ್ಖನಿ ಮಾತಾಡುವ ಮುಸ್ಲಿಂ ಮನೆಗಳಲ್ಲಿ ಕಿವಿಯಂಚಿನುದ್ದಕ್ಕೂ ಬಾಲಿಗಳನ್ನು ಸಾಲಾಗಿ ಹಾಕುವ ರೂಢಿ ಹಳೆಯದು.

ಎಲುಬನ್ನೇ ಸೀಳುವ ಉದಾಹರಣೆಯೂ ಕನ್ನಡ ನಾಡಿಗೆ ಹೊಸದಲ್ಲ. ನಾಥಪಂಥದ ಕಾನ್‌ಫಟಾ ಜೋಗಿಗಳು ದೀಕ್ಷೆಯ ಹೊತ್ತಿನಲ್ಲಿ ಕಿವಿಯ ನಡುಬಟ್ಟಲನ್ನು ಸೀಳಿಸಿಕೊಂಡು ದಪ್ಪ ಕುಂಡಲ ಧರಿಸುತ್ತಾರೆ. ಮಂಗಳೂರಿನ ಕದ್ರಿಯ ಜೋಗಿ ಮಠ ಆ ಪರಂಪರೆಯದು. ಈಗಿನ ಸ್ಟುಡಿಯೋಗಳು ಕಾಂಚ್ ಎಂದು ಮಾರುವ ಚುಚ್ಚಿನ ಜಾಗ ಹೆಚ್ಚುಕಡಿಮೆ ಅದೇ.

ಒಡವೆಯ ಭಾರ ಕಿವಿಗೆ ಬೀಳದಂತೆ ನೋಡಿಕೊಳ್ಳುವ ಜಾಣತನವೂ ಇಲ್ಲಿತ್ತು. ದೊಡ್ಡ ಜುಮಕಿಯ ತೂಕವನ್ನು ಕಿವಿ ಸರಪಳಿ ಕೂದಲಿಗೆ ಒಯ್ಯುತ್ತದೆ. ಲಂಬಾಣಿ ಹೆಣ್ಣುಮಕ್ಕಳ ಗುಗರಿ, ಟೋಪಲಿಗಳು ದೂರದಿಂದ ಕಿವಿಯ ಒಡವೆಯಂತೆ ಕಂಡರೂ ನಿಜಕ್ಕೂ ತೂಗುವುದು ಜಡೆಗೂದಲಿಗೆ. ಇಂಡಸ್ಟ್ರಿಯಲ್ ಕಡ್ಡಿಗೆ ಇಂಥ ಆಸರೆ ಇಲ್ಲ. ತಾಕಿದ್ದು, ಎಳೆದದ್ದು, ಒತ್ತಿದ್ದು ಎಲ್ಲವನ್ನೂ ಎರಡು ಗಾಯಗಳೇ ಹೊರಬೇಕು.

ಪತ್ತಾರರ ಕೈ

ಈ ಭಾಗದಲ್ಲಿ ಕಿವಿ ಚುಚ್ಚುವವರು ಪತ್ತಾರರು, ಅಂದರೆ ವಿಶ್ವಕರ್ಮ ಸಮಾಜದ ಅಕ್ಕಸಾಲಿಗರು. ಆ ಸಮಾಜದ ಸಂತ ಮೌನೇಶ್ವರನ ನೆಲೆಯಾದ ತಿಂಥಣಿ ಪಕ್ಕದ ಸುರಪುರ ತಾಲ್ಲೂಕಿನಲ್ಲೇ, ಕೃಷ್ಣೆಯ ದಂಡೆಯಲ್ಲಿದೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗ. ಚುಚ್ಚುವ ಕ್ರಮ ಸರಳ. ಮಗು ಸೋದರಮಾವನ ತೊಡೆಯ ಮೇಲೆ. ಪತ್ತಾರ ಎರಡೂ ಹಾಲೆಗೆ ಚುಕ್ಕಿ ಇಟ್ಟು, ಒಂದು ಮಾರು ಹಿಂದೆ ಸರಿದು, ಎರಡೂ ಸಮ ಇವೆಯೇ ಎಂದು ನೋಡುತ್ತಾನೆ. ತುದಿ ಚೂಪಾಗಿಸಿದ ಎಳೆಯ ಬಂಗಾರದ ತಂತಿ. ಅದೇ ಸೂಜಿ, ಅದೇ ಒಡವೆ. ಚುಚ್ಚಿ, ಬಳಸಿ, ತುದಿಗೆ ಗಂಟು ಸುತ್ತುವಷ್ಟರಲ್ಲಿ ಮಗುವಿನ ಬಾಯಿಗೆ ಬೆಲ್ಲ ಬಿದ್ದಿರುತ್ತದೆ. ಆಮೇಲೆ ತೂತು ಮುಚ್ಚದಂತೆ ಬೇವಿನ ಕಡ್ಡಿ, ಮೇಲೆ ಅರಿಸಿನ ಎಣ್ಣೆ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಬಹುಪಾಲು ಕಿವಿಗೇ ಮೀಸಲು. ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಚುಚ್ಚಬೇಕು, ಗಂಡಾದರೆ ಮೊದಲು ಬಲಗಿವಿ, ಹೆಣ್ಣಾದರೆ ಎಡಗಿವಿ, ಹಾಲೆಯನ್ನು ಎಳೆದು ಹಿಡಿದು ಬಿಸಿಲು ಹಾಯುವ ಜಾಗದಲ್ಲಿ ಚುಚ್ಚಬೇಕು, ಎಣ್ಣೆಯ ಬತ್ತಿ ಇಟ್ಟು ಮೂರು ದಿನಕ್ಕೊಮ್ಮೆ ಅದನ್ನು ದಪ್ಪವಾಗಿಸಬೇಕು ಎನ್ನುತ್ತದೆ. ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ಸಿರೆಗಳಿಗೆ ತಾಕಿದರೆ ಏನೇನು ಬಾಧೆ ಎಂದೂ ಎಚ್ಚರಿಸುತ್ತದೆ. ಬಿಸಿಲು ಹಾಯುವ ಜಾಗ ನೋಡುವುದು ಬರೀ ಶಾಸ್ತ್ರವಲ್ಲ. ಇಂದಿನ ಒಳ್ಳೆಯ ಚುಚ್ಚುಗಾರರೂ ಕಿವಿಯ ಹಿಂದೆ ಟಾರ್ಚ್ ಹಿಡಿದು ರಕ್ತನಾಳ ಎಲ್ಲಿ ಹರಿದಿದೆ ಎಂದು ನೋಡಿಯೇ ಗುರುತು ಹಾಕುವುದು.

ಆದರೆ ಇಷ್ಟು ಹೇಳಿದ ಮೇಲೆ ಒಂದು ಮಾತು ಖಂಡಿತವಾಗಿ ಹೇಳಬೇಕು: ಹಾಲೆ ಚುಚ್ಚುವುದರಲ್ಲಿ ಪಳಗಿದ ಕೈ ಎಂದ ಮಾತ್ರಕ್ಕೆ ಇಂಡಸ್ಟ್ರಿಯಲ್ ಅದಕ್ಕೆ ಒಪ್ಪುವ ಕೆಲಸವಲ್ಲ. ಎರಡರ ನಡುವಿನ ಅಂತರ ಕಿವಿಯ ಒಳಗೇ ಇದೆ.

ಹಾಲೆ ಬೇರೆ, ಎಲುಬು ಬೇರೆ

ಕಿವಿಯ ಹಾಲೆಯಲ್ಲಿ ಕೊಬ್ಬು, ಚರ್ಮ, ಧಾರಾಳ ರಕ್ತ. ಗಾಯವಾದರೆ ಆರೆಂಟು ವಾರದಲ್ಲಿ ಮಾಯುತ್ತದೆ. ಮೇಲಿನ ಭಾಗದಲ್ಲಿರುವುದು ಮೃದ್ವಸ್ಥಿ, ಅಂದರೆ ಮೆದು ಎಲುಬು. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ; ಮೇಲೆ ಹೊದ್ದ ತೆಳು ಪೊರೆಯಿಂದಲೇ ಅದು ಆಹಾರ ಎಳೆದುಕೊಳ್ಳಬೇಕು. ಪೊರೆ ಮತ್ತು ಎಲುಬಿನ ನಡುವೆ ಕೀವು ತುಂಬಿದರೆ ಎಲುಬು ಉಪವಾಸ ಬೀಳುತ್ತದೆ, ಸಾಯುತ್ತದೆ, ಕಿವಿ ಮುದುಡುತ್ತದೆ. ಸತ್ತ ಮೃದ್ವಸ್ಥಿ ಮತ್ತೆ ಮೊದಲಿನ ಆಕಾರಕ್ಕೆ ಬೆಳೆಯುವುದಿಲ್ಲ. ರಕ್ತ ಕಡಿಮೆ ಇರುವಲ್ಲಿ ನುಂಗಿದ ಔಷಧಿಯೂ ನಿಧಾನ ತಲುಪುತ್ತದೆ.

ಬುಗುಡಿಯ ತೂತು ಕೂಡ ಇದೇ ಎಲುಬಿಗೆ ತಾನೇ ಎಂದು ಕೇಳಬಹುದು. ಹೌದು. ಆದರೆ ಅದು ಒಂದೇ ತೂತು, ತೆಳು ತಂತಿ. ಊತ ಬಂದರೆ ಒಡವೆಯೂ ಅದರ ಜತೆ ಸರಿಯುತ್ತದೆ. ಇಂಡಸ್ಟ್ರಿಯಲ್‌ನಲ್ಲಿ ಬಾಗದ ಕಡ್ಡಿಯೊಂದು ಎರಡು ಗಾಯಗಳನ್ನು ಬಿಗಿದು ಕಟ್ಟಿರುತ್ತದೆ. ಒಂದು ಕಡೆ ಊದಿದರೆ ಇನ್ನೊಂದು ಕಡೆ ಎಳೆಯುತ್ತದೆ. ಒಂದು ತುದಿಗೆ ಸೆರಗು ಸಿಕ್ಕರೆ ಎರಡೂ ತೂತು ಅಲುಗುತ್ತವೆ. ಈ ಚುಚ್ಚಿನ ತಾಪತ್ರಯವೆಲ್ಲ ಹುಟ್ಟುವುದು ಇಲ್ಲಿಂದ.

ಬಗೆಗಳು

ಮೂಲ ಬಗೆಯಲ್ಲಿ ಒಂದು ತೂತು ಮುಖದ ಕಡೆಯ ಮೇಲಂಚಿಗೆ, ಇನ್ನೊಂದು ತಲೆಯ ಹಿಂಬದಿಯ ಕಡೆಯ ಅಂಚಿಗೆ. ಕಡ್ಡಿ ಓರೆಯಾಗಿ ಮೇಲ್ಕಿವಿಯನ್ನು ದಾಟುತ್ತದೆ. ಇಂಡಸ್ಟ್ರಿಯಲ್ ಎಂದಷ್ಟೇ ಹೇಳಿದರೆ ಇದೇ. ಉದ್ದನೆಯ ಬಗೆಯಲ್ಲಿ ಕಡ್ಡಿ ನಿಂತಿರುತ್ತದೆ: ಮೇಲಿನ ಒಳಮಡಿಕೆಯಿಂದ ಇಳಿದು ಬಟ್ಟಲಿನ ಬುಡಕ್ಕೆ. ಮೊದಲನೆಯದಕ್ಕೆ ಒಗ್ಗದ ಕಿವಿ ಕೆಲವೊಮ್ಮೆ ಇದಕ್ಕೆ ಒಗ್ಗುವುದುಂಟು, ಆದರೆ ಮಡಿಕೆ ದಪ್ಪವಾದ್ದರಿಂದ ಮಾಯಲು ಹೆಚ್ಚು ದಿನ ಬೇಕು. ಜೋಡಿ ಬಗೆಯಲ್ಲಿ ಎರಡು ಕಡ್ಡಿ, ಸಮಾನಾಂತರವಾಗಿ ಅಥವಾ ಅಡ್ಡಹಾಯುವಂತೆ. ಅಂದರೆ ನಾಲ್ಕು ಗಾಯ. ಇದರ ಮೇಲೆ ಇನ್ನೂ ಕಡ್ಡಿ ಸೇರಿಸಿದರೆ ಪಂಜರ. ಕಡ್ಡಿಯ ನಡುಭಾಗ ಕಿವಿಯ ಹಿಂದೆ ಹಾಯ್ದು ಮುಂದೆ ತುದಿಗಳಷ್ಟೇ ಕಾಣುವಂತೆಯೂ ಮಾಡುತ್ತಾರೆ.

ಇವಲ್ಲದೆ ಹುಸಿ ಇಂಡಸ್ಟ್ರಿಯಲ್ ಒಂದಿದೆ: ಎರಡು ಬಿಡಿ ತೂತು, ಎರಡು ಬಿಡಿ ಒಡವೆ, ನಡುವೆ ತೆಳು ಸರಪಳಿ. ಎರಡೂ ಗಾಯ ತಮ್ಮ ತಮ್ಮ ಪಾಡಿಗೆ ಮಾಯುತ್ತವೆ, ಸರಪಳಿ ಬಾಗುತ್ತದೆ. ಕಿವಿ ಸರಪಳಿ ಕಂಡ ನಾಡಿನವರಿಗೆ ಇದು ಹೊಸತೇನಲ್ಲ, ಬರೆಯುವವನ ಮತದಲ್ಲಿ ನೋಡಲೂ ಇದೇ ಚೆಂದ. ಕಡ್ಡಿಯೇ ಬೇಕೆಂದರೂ ಕೆಲವು ಚುಚ್ಚುಗಾರರು ಮೊದಲು ಬಿಡಿಬಿಡಿಯಾಗಿ ಚುಚ್ಚಿ, ಎರಡೂ ಮಾಯ್ದ ಮೇಲೆ ಕಡ್ಡಿ ಹಾಯಿಸುತ್ತಾರೆ. ಆದರೆ ಮೊದಲೇ ಎರಡೂ ತೂತುಗಳ ಓರೆ ಒಂದೇ ಗೆರೆಗೆ ಬಂದಿರದಿದ್ದರೆ ಆಮೇಲೆ ನೆಟ್ಟಗಿನ ಕಡ್ಡಿ ಕೂರುವುದಿಲ್ಲ.

ಚುಚ್ಚಿಸುವ ಮುನ್ನ

ಮೊದಲ ತೀರ್ಮಾನ ಕಿವಿಯದು. ಮನೆಯಲ್ಲೇ ನೋಡಿಕೊಳ್ಳಬಹುದು: ಕನ್ನಡಿಯ ಮುಂದೆ ನಿಂತು ಒಂದು ಊದಿನಕಡ್ಡಿಯನ್ನು ಮೇಲ್ಕಿವಿಗೆ ಓರೆಯಾಗಿ ಹಿಡಿಯಬೇಕು. ನಡುವಿನ ದಿಣ್ಣೆ ಕಡ್ಡಿಗೆ ಒತ್ತಿದರೆ, ಒಡವೆಯ ಕಡ್ಡಿಯೂ ದಿನವಿಡೀ ಅಲ್ಲೇ ಒತ್ತುತ್ತದೆ. ಕಿವಿಯಂಚು ಒಳಗೆ ಮಡಿಚಿಕೊಂಡಿರಬೇಕು; ಅಂಚು ಚಪ್ಪಟೆಯಾಗಿದ್ದರೆ ತೂತಿಗೆ ಆಧಾರ ಸಿಗದು. ಒಳ್ಳೆಯ ಚುಚ್ಚುಗಾರ ಕಿವಿ ನೋಡಿ ‘ಇದಕ್ಕೆ ಆಗಲ್ಲ’ ಎನ್ನುತ್ತಾನೆ. ಎಲ್ಲ ಕಿವಿಗೂ ಆಗುತ್ತದೆ ಎನ್ನುವವನ ಅಂಗಡಿಯಿಂದ ಎದ್ದುಬರುವುದೇ ವಾಸಿ.

ಎರಡನೆಯದು ಮೈಯ ಲೆಕ್ಕ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಹೃದಯದ ಕವಾಟದ ತೊಂದರೆ, ಬಸುರು ಇವು ಯಾವುದಿದ್ದರೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಹಿಂದೆ ಸುಟ್ಟ, ಕೊಯ್ದ, ಲಸಿಕೆ ಹಾಕಿದ ಗುರುತು ಉಬ್ಬಿ ಬೆಳೆದಿದ್ದರೆ ಅದು ಕೀಲಾಯ್ಡ್; ಅಂಥ ಮೈಯವರು ಮೇಲ್ಕಿವಿಗೆ ಸೂಜಿ ತಾಕಿಸದಿರುವುದು ಒಳ್ಳೆಯದು. ನಮ್ಮಂಥ ಕಪ್ಪು ಚರ್ಮದವರಲ್ಲಿ ಇದು ಹೆಚ್ಚು, ಮನೆತನದಲ್ಲಿ ಹರಿದುಬರುವುದೂ ಉಂಟು. ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಬೇಕು. ರಕ್ತದಾನ ಮಾಡುವವರಿಗೆ ಇನ್ನೊಂದು ಮಾತು: ಚುಚ್ಚಿಸಿಕೊಂಡವರು 12 ತಿಂಗಳು ರಕ್ತ ಕೊಡುವಂತಿಲ್ಲ.

ಆಮೇಲೆ ಸಲಕರಣೆ. ಒಂದು ಸಲ ಬಳಸಿ ಬಿಸಾಡುವ, ನಮ್ಮ ಕಣ್ಣೆದುರೇ ಪೊಟ್ಟಣ ಹರಿದ ಟೊಳ್ಳು ಸೂಜಿಯೇ ಆಗಬೇಕು. ಜಾತ್ರೆಯ, ಮಾಲ್‌ನ ಮಳಿಗೆಗಳಲ್ಲಿ ಕಾಣುವ ಗನ್ ಬೇಡ. ಗನ್ ಎಲುಬನ್ನು ನುಚ್ಚುಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ 2008ರಲ್ಲಿ ಪ್ರಕಟವಾದ, ಮೃತದೇಹಗಳ ಕಿವಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಗನ್‌ಗೂ ಸೂಜಿಗೂ ಎಲುಬಿಗಾದ ಗಾಯದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗನ್ ಬೇಡವೆನ್ನಲು ಗಟ್ಟಿ ಕಾರಣ ಬೇರೆ. ಪ್ಲಾಸ್ಟಿಕ್ ಭಾಗಗಳಿರುವ ಗನ್ ಆಟೋಕ್ಲೇವ್‌ನ ಶಾಖ ತಡೆಯದು, ಅದರ ಒಡವೆ ಗಿಡ್ಡ, ಹಿಂದಿನ ತಿರುಪು ಊದಿದ ಎಲುಬಿಗೆ ಜಾಗ ಬಿಡದು. ಇಂಡಸ್ಟ್ರಿಯಲ್‌ಗೆ ಬೇಕಾದ ಓರೆಯಂತೂ ಗನ್ನಿಗೆ ಸಿಗುವುದೇ ಇಲ್ಲ.

ಆಟೋಕ್ಲೇವ್ ಎಂದರೆ ಹೆಚ್ಚಿನ ಒತ್ತಡದ ಹಬೆಯ ಪೆಟ್ಟಿಗೆ. ಸುಮಾರು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಟ್ಟರೆ ರೋಗಾಣುವಿನ ಬೀಜಕಗಳೂ ಸಾಯುತ್ತವೆ. 100 ಡಿಗ್ರಿಯ ಕುದಿನೀರಿಗೆ ಅವೆಲ್ಲ ಸಾಯುವುದಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿ ತೆಗೆದರೆ ಸಾಕು ಎನ್ನುವವರಿಗೆ ಆರೆಗನ್‌ನ ಕಥೆ ಹೇಳಬೇಕು. 2000ದಲ್ಲಿ ಅಮೆರಿಕದ ಆ ರಾಜ್ಯದ ಒಂದು ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡ 118 ಮಂದಿಯಲ್ಲಿ 7 ಜನರಿಗೆ ಸ್ಯೂಡೋಮೋನಾಸ್ ಎಂಬ ರೋಗಾಣುವಿನ ಸೋಂಕು ಖಚಿತವಾಯಿತು, ಇನ್ನೂ 18 ಮಂದಿಯಲ್ಲಿ ಶಂಕೆ. ಹಾಲೆಗಿಂತ ಮೇಲ್ಕಿವಿ ಚುಚ್ಚಿಸಿದವರೇ ಹೆಚ್ಚು ನರಳಿದರು, ಕೆಲವರ ಕಿವಿಯ ಆಕಾರವೇ ಕೆಟ್ಟಿತು. ರೋಗಾಣು ಸಿಕ್ಕಿದ್ದು ಎಲ್ಲಿ? ಸೋಂಕು ತಡೆಯಲೆಂದು ಇಟ್ಟಿದ್ದ ದ್ರಾವಣದ ಬಾಟಲಿಯಲ್ಲೇ.

ಕಡ್ಡಿಯ ಲೋಹ, ದಪ್ಪ, ಉದ್ದ

ಇಂಡಸ್ಟ್ರಿಯಲ್ ಕಡ್ಡಿ ಸಾಮಾನ್ಯವಾಗಿ 14 ಗೇಜ್, ಅಂದರೆ 1.6 ಮಿಲಿಮೀಟರ್ ದಪ್ಪ. ಹಾಲೆಯ ಓಲೆಯ ಕಡ್ಡಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಗೇಜ್ ಲೆಕ್ಕ ತಿರುವುಮುರುವು: ಅಂಕಿ ಇಳಿದಷ್ಟೂ ದಪ್ಪ ಏರುತ್ತದೆ. ತಂತಿ ಎಳೆಯುವ ಪತ್ತಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉದ್ದ ಕಿವಿಯಿಂದ ಕಿವಿಗೆ ಬೇರೆ, ಬಹುಪಾಲು 32ರಿಂದ 38 ಮಿಲಿಮೀಟರ್. ಮೊದಲ ಕಡ್ಡಿ ಊತಕ್ಕೆ ಜಾಗ ಬಿಟ್ಟು ಉದ್ದವಾಗಿರಬೇಕು. ಊತ ಇಳಿದ ಮೇಲೆ ಚುಚ್ಚಿದವರ ಕೈಯಲ್ಲೇ ಗಿಡ್ಡ ಕಡ್ಡಿ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ಉಳಿದ ಉದ್ದ ಕೂದಲಿಗೂ ಬಟ್ಟೆಗೂ ಕೊಕ್ಕೆಯಾಗುತ್ತದೆ.

ಲೋಹದಲ್ಲಿ ಮೈಯೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ ಮೇಲು. ಎಎಸ್‌ಟಿಎಂ ಎಫ್136 ಎಂಬ ಗುರುತು ಕೇಳಿ. ಸರ್ಜಿಕಲ್ ಸ್ಟೀಲ್ ಎಂದು ಮಾರುವ 316ಎಲ್ ಉಕ್ಕಿನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ನಿಕ್ಕಲ್ ಇರುತ್ತದೆ. ಅದು ಬಹಳ ಜನಕ್ಕೆ ಒಗ್ಗಿದರೂ, ಗಿಲೀಟಿನ ಓಲೆ ಹಾಕಿದರೆ ಕಿವಿ ಕೆರೆಯುವವರು ಅದರ ಹತ್ತಿರ ಹೋಗಬಾರದು. ನಿಕ್ಕಲ್‌ನಿಂದಾಗುವ ಚರ್ಮದ ಬಾಧೆ ಎಷ್ಟು ಹರಡಿತ್ತೆಂದರೆ ಯುರೋಪಿನ ಒಕ್ಕೂಟ 1994ರಲ್ಲೇ ಅದರ ಬಳಕೆಗೆ ಕಟ್ಟುಪಾಡು ತಂದಿತು. ಬೆಳ್ಳಿ ಹಸಿಗಾಯಕ್ಕೆ ಸಲ್ಲದು, ಕಪ್ಪಿಡುತ್ತದೆ. ನಮ್ಮ ನೆಚ್ಚಿನ 916 ಬಂಗಾರ ಮೈಗೆ ಹಿತ, ಆದರೆ ಇಷ್ಟುದ್ದದ ಕಡ್ಡಿಗೆ ಮೆದು. ಗೀರು ಬೀಳುತ್ತದೆ, ಬಾಗುತ್ತದೆ. ತಿರುಪಿನ ಎಳೆ ಕಡ್ಡಿಯ ಮೇಲಿದ್ದರೆ ತೂರಿಸುವಾಗ ಗಾಯವನ್ನು ಗೀಚುತ್ತದೆ. ಕಡ್ಡಿಯ ಒಳಗೆ ಎಳೆ ಕೊರೆದು, ಗುಂಡಿಗೆ ಮೊಳೆ ಇಟ್ಟದ್ದು ಲೇಸು.

ಮಾಯುವ ಕಾಲ

ಆರು ತಿಂಗಳಿಂದ ಒಂದು ವರ್ಷ. ಹೊರಗಿನ ಚರ್ಮ ಮೊದಲು ಒಣಗಿ ಎಲ್ಲ ಸರಿಹೋಯಿತು ಎಂಬ ಭ್ರಮೆ ಹುಟ್ಟಿಸುತ್ತದೆ. ಒಳಗಿನ ಹಾದಿ ಆಗಲೂ ಹಸಿಯೇ. ದಿನಕ್ಕೆ ಒಂದೆರಡು ಸಲ ಶೇಕಡಾ 0.9 ಉಪ್ಪಿನ ಶುದ್ಧ ಸಲೈನ್ ಸಿಂಪಡಿಸಿ, ಬಟ್ಟೆಯಲ್ಲದ ಚೊಕ್ಕ ಕಾಗದದಿಂದ ಒತ್ತಿ ಒರೆಸಿದರೆ ಸಾಕು. ಸುಣ್ಣಕಲ್ಲಿನ ಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಮನೆಯ ಉಪ್ಪು ಬೆರೆಸಿದ್ದು ಸಲೈನ್ ಆಗದು. ಔಷಧಿ ಅಂಗಡಿಯ ಬಾಟಲಿಯೇ ಬೇಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುವ ಹೊಸ ಚರ್ಮವನ್ನೇ ಸುಡುತ್ತವೆ. ಕೊಬ್ಬರಿ ಎಣ್ಣೆ, ಅರಿಸಿನದ ಲೇಪ ತೂತಿನ ಬಾಯಿ ಮುಚ್ಚಿ ಕೀವನ್ನು ಒಳಗೇ ತಡೆಯುತ್ತವೆ. ಹಾಲೆಗೆ ನಡೆದದ್ದು ಎಲುಬಿಗೆ ನಡೆಯುವುದಿಲ್ಲ ಎಂದು ಮನೆಯ ಹಿರಿಯರಿಗೆ ತಿಳಿಹೇಳುವುದೇ ಇಲ್ಲಿ ದೊಡ್ಡ ಕೆಲಸ. ಅಂಟಿಕೊಳ್ಳದಿರಲೆಂದು ಒಡವೆ ತಿರುಗಿಸುವ ಹಳೆಯ ರೂಢಿಯೂ ಬೇಡ.

ನಿದ್ದೆಯೇ ದೊಡ್ಡ ಪರೀಕ್ಷೆ. ಚುಚ್ಚಿದ ಬದಿಗೆ ತಿಂಗಳುಗಟ್ಟಲೆ ಒರಗುವಂತಿಲ್ಲ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟದ ಹಾಗೆ ಮುಖ ಮೇಲೆ ಮಾಡಿಯೇ ಮಲಗಬೇಕು. ಆಗದವರು ಕೊಡದ ಕೆಳಗಿಡುವ ಸಿಂಬಿಯಂತೆ ಬಟ್ಟೆ ಸುತ್ತಿ, ಕಿವಿ ಅದರ ನಡುವಿನ ಪೊಳ್ಳಿನಲ್ಲಿ ಬರುವಂತೆ ತಲೆ ಇಡಬಹುದು. ಹೆಲ್ಮೆಟ್ ಬಿಡುವ ಹಾಗಿಲ್ಲ, ಕಾನೂನೂ ತಲೆಯೂ ಎರಡೂ ಮುಖ್ಯ. ದಿನಾ ಬೈಕ್ ಓಡಿಸುವವರು ಅದಕ್ಕೇ ಈ ಚುಚ್ಚನ್ನು ಕೈಬಿಡುವುದು ಮೇಲು. ಹೆಡ್‌ಫೋನ್, ಕಿವಿಗೆ ಸಿಕ್ಕಿಸುವ ಮುಖಗವಸು, ಬಾಚಣಿಗೆ, ದುಪಟ್ಟಾ ಎಲ್ಲವೂ ಈ ಕಾಲದಲ್ಲಿ ಶತ್ರುಗಳು. ಹತ್ತಿ ಬಿಡಿಸುವ, ರಾಶಿ ಮಾಡುವ ದಿನಗಳ ಧೂಳಿನಲ್ಲಿ ಹಸಿಗಾಯ ಇಟ್ಟುಕೊಳ್ಳಬಾರದು. ಕೆರೆ, ಬಾವಿ, ಹೊಳೆಯ ಈಜು ಗಾಯ ಪೂರ್ತಿ ಮಾಯುವವರೆಗೆ ಇಲ್ಲ.

ಕೆಟ್ಟಾಗ

ತೂತಿನ ಬದಿಗೆ ಏಳುವ ಪ್ರತಿ ಗುಳ್ಳೆಯೂ ಕೀಲಾಯ್ಡ್ ಅಲ್ಲ. ಒತ್ತಡದಿಂದ, ಓರೆ ತಪ್ಪಿದ ಕಡ್ಡಿಯಿಂದ ಏಳುವ ಗುಳ್ಳೆ ಕಾರಣ ಹೋದರೆ ಇಳಿಯುತ್ತದೆ. ಕೀಲಾಯ್ಡ್ ಗಾಯದ ಎಲ್ಲೆ ದಾಟಿ ಬೆಳೆಯುತ್ತಲೇ ಹೋಗುತ್ತದೆ, ಕೊಯ್ದರೆ ಮತ್ತೆ ಬರುವುದೂ ಉಂಟು. ಮೊದಲ ದಿನಗಳಲ್ಲಿ ಒಸರುವ ಬಿಳಿಚು ನೀರು, ಹಕ್ಕಳೆ ಸಹಜ.

ಹೆದರಬೇಕಾದ್ದು ಎಲುಬಿನ ಪೊರೆಯ ಸೋಂಕಿಗೆ. ಅದನ್ನು ಗುರುತಿಸುವ ಸುಲಭ ಗುರುತೊಂದಿದೆ: ಮೇಲ್ಕಿವಿ ಕೆಂಪಾಗಿ, ಬಿಸಿಯಾಗಿ, ಊದಿ, ಮುಟ್ಟಗೊಡದಷ್ಟು ನೋಯುತ್ತದೆ, ಕೆಳಗಿನ ಹಾಲೆ ಮಾತ್ರ ಏನೂ ಆಗದಂತೆ ಇರುತ್ತದೆ. ಹಾಲೆಯಲ್ಲಿ ಎಲುಬಿಲ್ಲದ್ದೇ ಕಾರಣ. ಇದಕ್ಕೆ ಎಲ್ಲ ಆಂಟಿಬಯಾಟಿಕ್‌ಗಳೂ ನಾಟುವುದಿಲ್ಲ. ಸ್ಯೂಡೋಮೋನಾಸ್‌ಗೆ ಬೇರೆಯದೇ ಗುಂಪಿನ ಔಷಧಿ ಬೇಕು, ಕೀವು ಕಟ್ಟಿದರೆ ಕೊಯ್ದು ತೆಗೆಯಬೇಕು. ಹಾಗಾಗಿ ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಮಾತ್ರೆ ನುಂಗಿ ಕಾಯುವುದು ದಿನ ಕಳೆಯುವುದಷ್ಟೇ. ಕಡ್ಡಿ ತೆಗೆಯಬೇಕೋ ಇರಿಸಬೇಕೋ ಎಂಬುದನ್ನೂ ಕಿವಿ, ಮೂಗು, ಗಂಟಲಿನ ವೈದ್ಯರಿಗೇ ಬಿಡಬೇಕು. ಗೋಗಿಯವರಿಗೆ ಯಾದಗಿರಿ, ಕಲಬುರಗಿ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮೇಲ್ಕಿವಿ ಕೆಂಪಾಗಿ ಹಾಲೆ ತಣ್ಣಗಿರುವುದು ಕಂಡರೆ ನಾಳೆ ನೋಡೋಣ ಎನ್ನಬೇಡಿ. ಅವತ್ತಿನ ಬಸ್ಸನ್ನೇ ಹತ್ತಿ.